ಅಕ್ಕನಿಗೆ ನಾನು ಕಟ್ಟಿಕೊಟ್ಟ ಡೋಸ್

ಡೋಸ್ ಕಟ್ಟುವುದು ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದೆಲ್ಲ ಅದರಿಂದಲೇ ನಡೆಯಿತು.

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ ನಾನು ಕೂರುವ ಮೆಡಿಕಲ್ ಅಂಗಡಿ ಇದೆ. ಸಂಜೆ ಕೆಲಸ ಬಿಟ್ಟವರು ಸೀದಾ ಬಂದು ಕೌಂಟರಿಗೆ ಮೊಣಕೈ ಊರುತ್ತಾರೆ. ಅವರ ಕಣ್ಣರೆಪ್ಪೆಯ ಮೇಲೂ ಬೂದು ಹಿಟ್ಟು ಕೂತಿರುತ್ತದೆ. ಡಾಕ್ಟರ ಚೀಟಿ ಯಾರ ಕೈಯಲ್ಲೂ ಇರುವುದಿಲ್ಲ. "ಮೈ ಕೈ ಭಾಳ ನೋಯ್ಲಿಕತ್ತಾವ, ಒಂದ್ ಡೋಸ್ ಕಟ್ರಿ" ಎನ್ನುತ್ತಾರೆ. ನಾನು ಅಂಗೈಯಗಲದ ಒಂದು ಕಾಗದದ ತುಂಡಿನ ಮೇಲೆ ಡಬ್ಬಿಗಳಿಂದ ಬಿಡಿ ಗುಳಿಗೆ ತೆಗೆದು ಹಾಕುತ್ತೇನೆ. ನೋವಿನದೊಂದು, ಹೊಟ್ಟೆ ಉರಿಯಬಾರದೆಂದು ಒಂದು, ಕಣ್ಣಿಗೆ ಚೆಂದ ಕಾಣಲೆಂದು ಒಂದು ಹಳದಿ ವಿಟಮಿನ್. ಕೊನೆಗೆ ಸಣ್ಣ ಬಿಳಿ ಗುಳಿಗೆ. ಮಡಚಿ ಕೊಟ್ಟರೆ ಅದು ಡೋಸ್.

ಆ ಸಣ್ಣ ಬಿಳಿ ಗುಳಿಗೆ ಸ್ಟಿರಾಯ್ಡ್. ಗಿರಾಕಿ ನಾಳೆ ಮತ್ತೆ ಬರುವುದು ಅದರಿಂದಲೇ. ಅದನ್ನು ಹೆಸರು ಅಚ್ಚಾದ ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಿಡುವುದು ಹೆಸರು ಯಾರಿಗೂ ತಿಳಿಯಬಾರದೆಂದು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿರುವ ಲೈಸೆನ್ಸಿನ ಮೇಲಿನ ಹೆಸರು ನನ್ನದಲ್ಲ. ಆ ಹೆಸರಿನವರನ್ನು ನಾನು ಎರಡು ಸಲ ನೋಡಿದ್ದೇನೆ. ಪಿಯುಸಿ ಮುಗಿಸಿ ಬಂದವನಿಗೆ ಅಂಗಡಿಯ ಮಾಲಕರು ಮೊದಲ ವಾರದಲ್ಲಿ ಕಲಿಸಿದ್ದು ಈ ಮಡಚುವಿಕೆಯನ್ನೇ. ನಾನು ಚೊಕ್ಕಟವಾಗಿ ಮಡಚುತ್ತೇನೆಂದು ನನಗೆ ಹೆಮ್ಮೆಯಿತ್ತು. ಇದನ್ನು ಬರೆಯುವಾಗ ಹೇಸಿಗೆಯಾಗುತ್ತದೆ. ಆದರೂ ಇದ್ದದ್ದನ್ನು ಬರೆಯಬೇಕು.

ಅಕ್ಕ ಜನವರಿಯಲ್ಲಿ ಒಂದು ದಿನ ಅಂಗಡಿಗೆ ಬಂದಳು. ಅವಳೂ ಒಂದು ಪಾಲಿಶ್ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದಳು. ಯಂತ್ರದ ಕೆಳಗೆ ಫರಸಿ ಸರಿಸುವುದು, ನೀರು ಬಿಡುವುದು, ಕಲ್ಲಿನ ಅಂಚು ಹೊಡೆಯುವ ಕಡೆ ಚೂರು ಎತ್ತುವುದು ಅವಳ ಕೆಲಸ. ನೀರು ಹಾಕುವಲ್ಲಿ ಕೆಸರು, ನೀರಿಲ್ಲದಲ್ಲಿ ಧೂಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅಂದು ಬಂದವಳು ಕೌಂಟರಿನ ಮೇಲೆ ಎರಡೂ ಕೈ ಚಾಚಿ ಇಟ್ಟಳು.

"ನೋಡಿಲ್ಲಿ ತಮ್ಮಾ, ನನ್ನ ಬಳ್ಳು ಸುಣ್ಣಾ ಬಳಕೊಂಡಾವ."

ನಾಲ್ಕು ಬೆರಳುಗಳು ನಡುವಿನ ಗೆಣ್ಣಿನಿಂದ ಆಚೆ ಬಿಳುಚಿದ್ದವು. ನೋಡುತ್ತಿದ್ದಂತೆ ನೀಲಿಯಾದವು, ಆಮೇಲೆ ಕೆಂಪಾದವು. ಬೆರಳುಗಳೆಲ್ಲ ಊದಿ, ಉಂಗುರ ಮಾಂಸದಲ್ಲಿ ಹುದುಗಿತ್ತು.

"ತಣ್ಣೀರಾಗ ಕೈ ಇಟ್ಟ ಕೂಡ್ಲೇ ಹಿಂಗ ಆಗ್ತದ. ಮುಂಜಾನಿ ಮುಷ್ಟಿ ಕಟ್ಲಿಕ್ಕೇ ಬರಂಗಿಲ್ಲ. ನಿನ್ನ ಹತ್ರ ಇಷ್ಟ ಡಬ್ಬಿ ಅವ, ಅಕ್ಕಗ ಒಂದ್ ಕೊಡ್ಲಿಕ್ಕೆ ಕೈ ಬರಂಗಿಲ್ಲೇನು?"

ಕಲ್ಲಿನ ಕೆಲಸದವರ ಕೈ ಹೀಗೇ ಇರುತ್ತದೆಂದು ನಾನು ಅಂದುಕೊಂಡೆ. ಈ ಊರಿನಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಬೆರಳು ಮರಗಟ್ಟಿದರೆ, ಬಾಗದಿದ್ದರೆ, ಪಡಿತರ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಹಿಡಿಯದಿದ್ದರೆ ಅದು ಕೆಲಸದ ಗುರುತೇ ಹೊರತು ಕಾಯಿಲೆಯಲ್ಲ. ನಾನು ಡೋಸ್ ಕಟ್ಟಿದೆ. ಅಕ್ಕನಲ್ಲವೇ, ಬಿಳಿ ಗುಳಿಗೆ ಎರಡು ಹಾಕಿದೆ. ನಾಲ್ಕನೆಯ ದಿನ ಅವಳು ನಗುತ್ತ ಬಂದಳು. ಬೆರಳಿನ ಊತ ಇಳಿದಿತ್ತು.

"ನಿನ್ನ ಕೈಯಾಗ ಜಾದೂ ಅದ ನೋಡು. ಮಾವಗ ಹೇಳೀನಿ, ನಮ್ಮ ತಮ್ಮ ಡಾಕ್ಟರ್‌ಗಿಂತ ಮ್ಯಾಲಂತ."

ಮಾವ ಎಂದರೆ ಅವಳ ಗಂಡ. ಪಕ್ಕದ ಊರು ವಾಡಿಯಲ್ಲಿ ಸಿಮೆಂಟ್ ಚೀಲ ಹೊರುವ ಕೆಲಸ ಅವನದು, ಮಾತು ಬಹಳ ಕಡಿಮೆ.

ಮಾರ್ಚಿನ ಹೊತ್ತಿಗೆ ನೋವು ಮತ್ತೆ ಬಂತು. ನಾನು ಬಿಳಿ ಗುಳಿಗೆ ಮೂರು ಮಾಡಿದೆ, ನಂತರ ಹೊತ್ತಿಗೆ ನಾಲ್ಕು, ದಿನಕ್ಕೆ ಎರಡು ಹೊತ್ತು. ಈ ನಡುವೆ ಅವಳ ಚರ್ಮ ಬದಲಾಗುತ್ತಿತ್ತು. ಮುಂಗೈಯ ಮೇಲೆ ಚಿವುಟಲು ಹೋದರೆ ಚರ್ಮ ಮೇಲೇಳುತ್ತಿರಲಿಲ್ಲ. ಹಣೆಯ ಗೆರೆಗಳು ಮಾಯವಾಗಿದ್ದವು. ಕಾರ್ಖಾನೆಯ ಹೆಂಗಸರು ಅವಳನ್ನು ಕಾಡಿಸುತ್ತಿದ್ದರಂತೆ.

"'ಏನ್ ಹಚ್ಕೊಳ್ಳಿಕತ್ತೀಯಬೇ ಮಾರಿಗಿ, ದಿನಾ ಸಣ್ಣಾಕಿ ಆಗ್ಲಿಕತ್ತೀ' ಅಂತಾರ" ಎಂದು ಅಕ್ಕ ಹೇಳಿ ನಗಲು ಹೋದಳು. ಬಾಯಿ ಪೂರ್ತಿ ಅಗಲವಾಗಲಿಲ್ಲ. ಅಂದು ಅವಳು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ತುಟಿಯ ನಡುವೆ ತುರುಕಿಕೊಳ್ಳುವುದನ್ನು ನೋಡಿದೆ. ನೋಡಿಯೂ ಮರುದಿನ ಮತ್ತೆ ಡೋಸ್ ಕಟ್ಟಿದೆ.

ಮಾವನ ಕಡೆಯವರು ಕುಂಚಾವರಂ ಹತ್ತಿರದ ಒಬ್ಬ ನಾಟಿ ವೈದ್ಯನ ಹೆಸರು ಹೇಳಿದರು. ನನಗೆ ಇಂಥವರ ಮೇಲೆ ತಿರಸ್ಕಾರವಿತ್ತು. ಬೇರು, ತಪ್ಪಲು, ಮೋಸ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಲೇ ಹೋದೆ. ಚಿಂಚೋಳಿಯಲ್ಲಿ ಬಸ್ಸು ಬದಲಿಸಿ, ಕಾಡು ದಾಟಿ, ಕೊನೆಗೆ ಒಂದು ಹಂಚಿನ ಮನೆಯ ಮುಂದೆ ನಿಂತೆವು. ಮುದುಕ ಅಕ್ಕನ ಕೈ ಹಿಡಿದು ಬಹಳ ಹೊತ್ತು ನೋಡಿದ. ಮುಂಗೈ, ಮೊಣಕೈ, ಕತ್ತು ಮುಟ್ಟಿ ನೋಡಿದ. ಆಮೇಲೆ ತಲೆಯಾಡಿಸಿದ.

"ಇದಿ ನಾ ವಲ್ಲ ಕಾದಮ್ಮಾ" ಎಂದ ತೆಲುಗಿನಲ್ಲಿ. ನಮಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದ. "ನನ್ನ ಕೈಲಿ ಆಗಂಗಿಲ್ಲವ್ವ. ದೊಡ್ಡ ದವಾಖಾನಿಗಿ ಹೋಗು."

ನಾವು ಏಳುವಾಗ ಮತ್ತೆ ಕೇಳಿದ. "ಮೈ ಎಲ್ಲಾ ಬಿಗಿ ಅದ, ಗಲ್ಲ ಮಾತ್ರ ಉಬ್ಬ್ಯಾವ. ಏನ್ ಗುಳಿಗಿ ತಗೊಳ್ಳಿಕತ್ತೀ ತಾಯಿ?"

"ನಮ್ಮ ತಮ್ಮ ಕೊಡ್ತಾನ್ರಿ, ಶಕ್ತಿದು" ಎಂದಳು ಅಕ್ಕ.

ಮುದುಕ ನನ್ನ ಕಡೆ ನೋಡಿದ. ಎಣ್ಣೆಯ ಶೀಶೆಯನ್ನೂ ಕೊಡಲಿಲ್ಲ. ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಿ ಕಳಿಸಿದವನು ಆ ಆರು ತಿಂಗಳಲ್ಲಿ ಅವನೊಬ್ಬನೇ.

ಅದರ ಮುಂದಿನ ವಾರ ಅಕ್ಕನನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ಅಲ್ಲಿ ಇಂಥ ಕಾಯಿಲೆಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದರು. ಅವರು ಮೊದಲು ಎರಡೂ ಅಂಗೈ ಜೋಡಿಸಲು ಹೇಳಿದರು. ಅಕ್ಕನ ಅಂಗೈಗಳ ನಡುವೆ ಒಂದು ನಿಂಬೆಹಣ್ಣು ಹಿಡಿಯುವಷ್ಟು ಜಾಗ ಉಳಿಯಿತು. ಬೆರಳು, ಮುಂಗೈ, ತೋಳು, ಎದೆ, ಮುಖ ಎಂದು ಒಂದೊಂದೇ ಕಡೆ ಚಿವುಟಿ ಅಂಕ ಬರೆದುಕೊಂಡರು. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಸಣ್ಣ ದೀಪದ ಭೂತಗನ್ನಡಿ ಇಟ್ಟು ನೋಡಿದರು. ನನಗೂ ತೋರಿಸಿದರು. ಸಾಲಾಗಿ ಇರಬೇಕಾದ ಸೂಕ್ಷ್ಮ ರಕ್ತನಾಳಗಳು ಕೆಲವು ಕಡೆ ಹಿಗ್ಗಿದ್ದವು, ಕೆಲವು ಕಡೆ ಇರಲೇ ಇಲ್ಲ. ಬೆನ್ನಿಗೆ ಕೊಳವೆಯಿಟ್ಟು ಉಸಿರು ಕೇಳಿದರು. ರಕ್ತ ತೆಗೆಸಿದರು. ಒಂದು ವಾರದಲ್ಲಿ ಒಂದು ಫಲಿತಾಂಶ ಬಂತು. ಇನ್ನೊಂದು ಪರೀಕ್ಷೆಗೆ ರಕ್ತ ಹೈದರಾಬಾದಿಗೆ ಹೋಯಿತು.

ಎರಡನೆಯ ಸಲ ಹೋದಾಗ ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್ ಎಂದರು.

"ನಮ್ಮ ಮೈಯಾಗ ಒಂದು ಕಾವಲು ಪಡೆ ಇರ್ತದವ್ವ" ಎಂದು ಅಕ್ಕನಿಗೇ ಮುಖ ಮಾಡಿ ಹೇಳಿದರು. "ಹೊರಗಿನ ರೋಗಾಣು ಬಂದ್ರ ಹೊಡೀಬೇಕು, ಅದರ ಕೆಲಸ ಅಷ್ಟೇ. ನಿನ್ನ ಮೈಯಾಗ ಅದು ನಿನ್ನವೇ ಸಣ್ಣ ರಕ್ತನಾಳಗೋಳ ಒಳ ಪದರಿಗಿ ಹೊಡೀಲಿಕತ್ತದ. ಗಾಯ ಆದಲ್ಲಿ ಕಲೆ ಕಟ್ತದಲ್ಲ, ಹಂಗ ಚರ್ಮದಾಗ, ಪುಪ್ಪುಸದಾಗ ಕಲೆ ಕಟ್ರಿ ಅಂತ ಹುಕುಂ ಕೊಡ್ಲಿಕತ್ತದ. ಗಾಯ ಮಾದ ಮ್ಯಾಲೂ ಆ ಹುಕುಂ ನಿಲ್ಲಂಗಿಲ್ಲ."

"ಅಂದ್ರ ನನ್ನ ಮೈಯೇ ನನಗ ವೈರಿ ಆಗ್ಯದ ಅನ್ರಿ."

"ವೈರಿ ಅಲ್ಲ. ಗುರ್ತ ತಪ್ಯದ."

ಅಕ್ಕ ಸ್ವಲ್ಪ ಯೋಚಿಸಿ, "ನಮ್ಮ ಅತ್ತಿಗೂ ಹಿಂಗೇ ಗುರ್ತ ತಪ್ಪತಿತ್ರಿ. ಆದ್ರ ಬೈಲಿಕ್ಕೆ ಮಾತ್ರ ನಾನೇ ಬೇಕಾಗ್ತಿದ್ದೆ" ಎಂದಳು. ಡಾಕ್ಟರಮ್ಮ ನಕ್ಕರು. ನಂತರ ಕೆಲಸದ ಬಗ್ಗೆ ಕೇಳಿದರು. ಕಲ್ಲಿನ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಈ ಕಾವಲು ಪಡೆ ಕೆರಳುವುದುಂಟು, ಆದರೆ ಅಕ್ಕನ ವಿಷಯದಲ್ಲಿ ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದರು. ಪಡೆಯನ್ನು ತಗ್ಗಿಸುವ ಒಂದು ಗುಳಿಗೆ ಬರೆದರು. ಅದು ಕೆಲಸ ಮಾಡಲು ತಿಂಗಳುಗಳೇ ಬೇಕು, ಬಿಡಬಾರದು ಎಂದರು.

ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಸ್ಟಿರಾಯ್ಡ್ ಏನರ ತಗೊಂಡೀರೇನು? ಊರಾಗಿನ ಡೋಸ್ ಗೀಸ್?"

"ಇಲ್ರಿ ಮೇಡಂ" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ಇಲ್ರಿ, ನಮ್ಮ ತಮ್ಮಂದೇ ಮೆಡಿಕಲ್ ಅದ, ಸುಮ್ಕ ಏನೂ ಕೊಡಂಗಿಲ್ಲ" ಎಂದಳು.

"ಛಲೋ ಆಯ್ತು. ಈ ಬ್ಯಾನಿಯಾಗ ಸ್ಟಿರಾಯ್ಡ್ ಜಾಸ್ತಿ ಆದ್ರ ಕಿಡ್ನಿಗಿ ಒಮ್ಮಿಂದೊಮ್ಮೆ ಧಕ್ಕಾ ಆಗ್ತದ. ಬಿ.ಪಿ. ಏರಿದ್ದೇ ಗೊತ್ತಾಗಂಗಿಲ್ಲ. ನಿಮ್ಮ ಅಂಗಡ್ಯಾಗ ಮಷೀನ್ ಇರ್ತದಲ್ಲ, ವಾರಕ್ಕ ಮೂರ್ ಸಲ ನೋಡ್ರಿ. ತಪ್ಪಿಸಬ್ಯಾಡ್ರಿ."

ಊರಿಗೆ ಬಂದವನು ಡೋಸ್ ನಿಲ್ಲಿಸಿದೆ. ಐದು ದಿನ. ಆರನೆಯ ದಿನ ಮಾವ ಅಂಗಡಿಗೆ ಬಂದ. "ಆಕಿ ಹಾಸಗಿ ಬಿಟ್ಟ ಏಳವಲ್ಲಳು. ಏನರ ಕಡಿಮಿ ಮಾಡಿಯೇನು?" ಎಂದ. ನಾನು ಹೋಗಿ ನೋಡಿದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಆ ಡಾಕ್ಟರಮ್ಮನ ಗುಳಿಗಿ ಏನೂ ಮಾಡವಲ್ದು. ಒಂದ್ ಮಗ್ಗಲಾ ಹೊಳ್ಳಲಿಕ್ಕೆ ಬರಂಗಿಲ್ಲ. ನಿಂದೇ ಕೊಡು ತಮ್ಮಾ."

ಆಗ ನಾನು ಹಾಕಿದ ಲೆಕ್ಕವನ್ನು ಮುಚ್ಚಿಡದೆ ಬರೆಯುತ್ತೇನೆ. ಇದು ಕಾವಲು ಪಡೆಯ ಕಾಯಿಲೆ. ಸ್ಟಿರಾಯ್ಡ್ ಆ ಪಡೆಯನ್ನು ಅಡಗಿಸುತ್ತದೆ. ದೊಡ್ಡ ಗುಳಿಗೆಯ ಕೆಲಸ ಶುರುವಾಗುವವರೆಗೆ ನನ್ನ ಸಣ್ಣ ಗುಳಿಗೆ ನಡೆಸಿಕೊಡಲಿ. ಡಾಕ್ಟರಮ್ಮ ಹೇಳಿದ್ದು ಜಾಸ್ತಿಯಾದರೆ ಎಂದಲ್ಲವೇ, ಇದು ಸಾಸಿವೆಗಿಂತ ತುಸು ದೊಡ್ಡದು. ಏನೂ ತಿಳಿಯದವನಾಗಿದ್ದರೆ ಹೆದರಿ ಕಲಬುರಗಿಗೆ ಫೋನ್ ಮಾಡುತ್ತಿದ್ದೆ. ಪೂರ್ತಿ ತಿಳಿದವನಾಗಿದ್ದರೆ ಕೊಡುತ್ತಲೇ ಇರಲಿಲ್ಲ. ನನಗೆ ಅಂಗಡಿಯಲ್ಲಿ ಕೂತು ತಿಳಿದಷ್ಟು ತಿಳಿದಿತ್ತು. ಮರುದಿನದಿಂದ ಹೊತ್ತಿಗೆ ನಾಲ್ಕು ಬಿಳಿ ಗುಳಿಗೆ ಮತ್ತೆ ಶುರುವಾಯಿತು. ಬಿ.ಪಿ. ಎರಡು ಸಲ ನೋಡಿದೆ, ಸರಿಯಿತ್ತು. ಮೂರನೆಯ ಸಲ ಗಿರಾಕಿ ಹೆಚ್ಚಿದ್ದರು. ಆಮೇಲೆ ನೋಡಲಿಲ್ಲ.

ಜೂನ್ ತಿಂಗಳ ಒಂದು ಬೆಳಗ್ಗೆ ಮಾವ ಅವಳನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಅಂಗಡಿಯ ಮುಂದೆ ನಿಲ್ಲಿಸಿದ. ಅಕ್ಕ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದಳು. "ಕಣ್ಣ ಮುಂದ ಮಂಜ ಮಂಜ ಆಗ್ಲಿಕತ್ತದ" ಎಂದಳು. ತೋಳಿಗೆ ಪಟ್ಟಿ ಕಟ್ಟಿದೆ. ಇನ್ನೂರ ಹತ್ತು, ಕೆಳಗಿನದು ನೂರ ಮೂವತ್ತು. ಮಷೀನ್ ಕೆಟ್ಟಿದೆ ಎಂದುಕೊಂಡು ನನ್ನ ತೋಳಿಗೆ ಕಟ್ಟಿ ನೋಡಿದೆ. ನನ್ನದು ಸರಿಯಾಗಿತ್ತು. ಮತ್ತೆ ಅವಳಿಗೆ ಕಟ್ಟಿದೆ. ಅದೇ ಇನ್ನೂರ ಹತ್ತು. ಒಂದು ಜೀಪು ಹಿಡಿದು ಕಲಬುರಗಿಗೆ ಓಡಿದೆವು. ಗಡಿಬಿಡಿಯಲ್ಲಿ ಹಳೆಯ ಫೈಲು ಮನೆಯಲ್ಲೇ ಉಳಿಯಿತು.

ತುರ್ತು ವಿಭಾಗದಲ್ಲಿ ಒಬ್ಬ ವಾರ್ಡ್ ಡಾಕ್ಟರ್ ನೋಡಿದರು. ಬಿ.ಪಿ.ಗೆ ಔಷಧ ಶುರು ಮಾಡಿದರು. ಮೂತ್ರ ಬಹಳ ಕಡಿಮೆ ಬರುತ್ತಿತ್ತು. ಮಧ್ಯಾಹ್ನಕ್ಕೆ ರಕ್ತದ ಫಲಿತಾಂಶ ಬಂದಾಗ ಕಿಡ್ನಿಯ ಅಂಕ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಮೇಲಿತ್ತು. ನಾನು ನೆನಪಿನಿಂದ ಹೇಳಿದ ಹಳೆಯ ರಕ್ತ ಪರೀಕ್ಷೆಯನ್ನು ಅವರು ಬರೆದುಕೊಂಡರು. ರೋಗದ ಹೆಸರನ್ನು ನಾನು ತೊದಲುತ್ತ ಹೇಳಿದೆ, ಅರ್ಧ ತಪ್ಪು ಹೇಳಿರಬೇಕು.

"ಇಮ್ಯೂನಿಟಿ ಕಿಡ್ನಿ ಮ್ಯಾಲೇ ಬಿದ್ದಂಗ ಕಾಣ್ತದ. ಇಂಥಾದ್ರಾಗ ತಡಾ ಮಾಡ್ಲಿಕ್ಕೆ ಬರಂಗಿಲ್ಲ, ದೊಡ್ಡ ಡೋಸ್ ಇಂಜೆಕ್ಷನ್ ಹಾಕಿ ಅಡಗಿಸಬೇಕು" ಎಂದು ಚೀಟಿ ಬರೆದರು. "ಕೆಳಗ ಮೆಡಿಕಲ್‌ನಾಗ ತಗೊಂಡ ಬರ್ರಿ, ಲಗೂ."

ಚೀಟಿಯನ್ನು ಮೆಟ್ಟಿಲ ಮೇಲೆ ಓದಿದೆ. ಅದು ಸ್ಟಿರಾಯ್ಡ್. ನನ್ನ ಡಬ್ಬಿಯಲ್ಲಿದ್ದ ಜಾತಿಯದೇ, ನೂರಾರು ಪಟ್ಟು ದೊಡ್ಡದು, ಮೂರು ದಿನಕ್ಕೆ.

ಔಷಧದ ಕಿಟಕಿಯ ಮುಂದೆ ಸಾಲು ಇತ್ತು. ನಾನು ಸಾಲಿನಲ್ಲಿ ನಿಂತೆ. ಅಲ್ಲಿ ನಿಂತಷ್ಟು ಹೊತ್ತು ನಾನು ಅಕ್ಕನ ಬಗ್ಗೆ ಯೋಚಿಸಲಿಲ್ಲ. ಡಾಕ್ಟರೇ ಬರೆದ ಮೇಲೆ ನಾನು ಕೊಟ್ಟದ್ದೂ ಸರಿಯೇ ಆಯಿತಲ್ಲ ಎಂದು ಯೋಚಿಸಿದೆ. ಒಳಗೆ ಒಂದು ಹಗುರವೂ ಆಯಿತು. ನನ್ನ ಮುಂದಿದ್ದವರು ಒಬ್ಬೊಬ್ಬರೇ ಸರಿದರು. ಕಿಡ್ನಿಗೆ ಧಕ್ಕೆ ಎಂದು ಡಾಕ್ಟರಮ್ಮ ಹೇಳಿದ್ದು ನನಗೆ ಗೊತ್ತು. ಅಕ್ಕ ಐದು ತಿಂಗಳಿಂದ ಏನು ನುಂಗಿದ್ದಾಳೆ ಎಂಬುದೂ ನನಗೊಬ್ಬನಿಗೇ ಗೊತ್ತು. ಮೇಲಿನ ಡಾಕ್ಟರಿಗೆ ಎರಡೂ ಗೊತ್ತಿಲ್ಲ.

"ಚೀಟಿ ಕೊಡ್ರಿ" ಎಂದ ಕಿಟಕಿಯೊಳಗಿನವನು.

ಕೈ ಚಾಚಿದ್ದೆ. ಹಿಂದಕ್ಕೆ ಎಳೆದುಕೊಂಡೆ.

"ಏನ್ರಿ, ತಮಾಷಿ ಮಾಡ್ಲಿಕತ್ತೀರೇನು? ಹಿಂದ ಮಂದಿ ನಿಂತಾರ."

ಮೆಟ್ಟಿಲು ಹತ್ತಿ ವಾರ್ಡಿಗೆ ಬಂದೆ. ಅಕ್ಕನ ಚೀಲದಲ್ಲಿ ಎರಡು ಪೊಟ್ಟಣ ಉಳಿದಿದ್ದವು. ಒಂದನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಬಿಚ್ಚಿದೆ.

"ಈಕಿ ಇದನ್ನ ತಗೊಳ್ಳಿಕತ್ತಾಳ್ರಿ. ಸಣ್ಣ ಬಿಳೇವು ಸ್ಟಿರಾಯ್ಡ್. ದಿನಕ್ಕ ಎಂಟು. ನಾನೇ ಕೊಟ್ಟೀನ್ರಿ."

ಅವರು ಪೆನ್ನಿನ ತುದಿಯಿಂದ ಬಿಳಿ ಗುಳಿಗೆಗಳನ್ನು ಬೇರೆ ಮಾಡಿದರು. "ಎಷ್ಟ ದಿನ ಆಯ್ತು?"

"ಜನವರಿಂದ್ರಿ. ನಡುವ ಐದ್ ದಿನ ಬಿಟ್ಟಿದ್ದೆ. ಚರ್ಮದ ಬ್ಯಾನಿ ನೋಡೋ ಮೇಡಂ ಬ್ಯಾಡ ಅಂದಿದ್ರು. ಕಿಡ್ನಿಗಿ ಕೆಟ್ಟಂತ ಹೇಳಿದ್ರು."

"ಕೇಳಿಯೂ ಕೊಟ್ರೇನು?"

"ಹೌದ್ರಿ."

"ಲೈಸೆನ್ಸ್ ನಿಮ್ಮ ಹೆಸರಿಲೇ ಅದಯೇನು?"

"ಇಲ್ರಿ."

ಅವರು ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಹರಿದರು. ಎಂಟು ಗುಳಿಗೆಯನ್ನು ಸಾಮಾನ್ಯ ಸ್ಟಿರಾಯ್ಡ್ ಲೆಕ್ಕಕ್ಕೆ ತಿರುಗಿಸಿದರೆ ಇಪ್ಪತ್ತೈದು ಮಿಲಿಗ್ರಾಂ ದಾಟುತ್ತದೆ, ಈ ಕಾಯಿಲೆಯಲ್ಲಿ ಹದಿನೈದೇ ಅಪಾಯ ಎಂದರು. ಬೈಯಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಎರಡು ಬೆರಳಲ್ಲಿ ಅಂಚು ಹಿಡಿದು ದೂರ ಸರಿಸಿದರು. ತಿರುಗಿದರೆ ಬಾಗಿಲಲ್ಲಿ ಮಾವ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ನನ್ನನ್ನು ದಾಟಿ ಅಕ್ಕನ ಮಂಚದ ಕಡೆ ಹೋದ.

ಡಾಕ್ಟರಮ್ಮನನ್ನು ಕರೆಸಿದರು. ಅವರು ಬಂದು ಅರ್ಧ ಗಂಟೆಯಲ್ಲಿ ಚಿಕಿತ್ಸೆ ಬದಲಾಯಿತು. ಕಿಡ್ನಿಯ ರಕ್ತನಾಳಗಳು ಒಳಗಿನಿಂದ ದಪ್ಪವಾಗಿ ಮುಚ್ಚಿಕೊಳ್ಳುತ್ತಿವೆ, ರಕ್ತ ಸಾಲದ ಕಿಡ್ನಿ ಬಿ.ಪಿ. ಏರಿಸುತ್ತಲೇ ಹೋಗುತ್ತದೆ, ಆ ಸರಪಳಿ ಕಡಿಯುವ ಗುಳಿಗೆ ಬೇರೆ ಇದೆ ಎಂದರು. ಅದನ್ನು ಸಣ್ಣ ಪ್ರಮಾಣದಿಂದ ಶುರು ಮಾಡಿ ಎಂಟೆಂಟು ಗಂಟೆಗೆ ಏರಿಸಿದರು. ಬಿ.ಪಿ.ಯನ್ನು ಒಮ್ಮೆಲೇ ಬೀಳಿಸದೆ ದಿನಕ್ಕೆ ಇಪ್ಪತ್ತರಂತೆ ಇಳಿಸಿದರು. ನನ್ನ ಸ್ಟಿರಾಯ್ಡನ್ನು ಒಂದೇ ದಿನಕ್ಕೆ ನಿಲ್ಲಿಸಲೂ ಆಗುವುದಿಲ್ಲವಂತೆ. ಐದು ತಿಂಗಳು ಹೊರಗಿನಿಂದ ಬಂದದ್ದಕ್ಕೆ ದೇಹ ತನ್ನದೇ ಸ್ಟಿರಾಯ್ಡ್ ಮಾಡುವುದನ್ನು ಬಿಟ್ಟಿರುತ್ತದೆ. ಹಾಗಾಗಿ ನಾನು ಹಾಕಿದ ವಿಷವನ್ನು ಅವರು ಅಳತೆ ಮಾಡಿ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇಳಿಸಬೇಕಾಯಿತು. ಮೊದಲ ಸಲ ನಿಲ್ಲಿಸಿದಾಗ ಅಕ್ಕ ಏಳಲಾರದೆ ಮಲಗಿದ್ದೂ ಅದಕ್ಕೇ ಇರಬೇಕು ಎಂದರು.

ನಾಲ್ಕನೆಯ ದಿನ ಬಿ.ಪಿ. ಹಿಡಿತಕ್ಕೆ ಬಂತು. ಆದರೆ ಕಿಡ್ನಿಯ ಅಂಕ ಏರುತ್ತಲೇ ಇತ್ತು. ಈ ಗುಳಿಗೆಯೇ ಅದನ್ನು ಏರಿಸುತ್ತಿರಬಹುದು, ನಿಲ್ಲಿಸೋಣ ಎಂದರು ವಾರ್ಡ್ ಡಾಕ್ಟರ್. ಡಾಕ್ಟರಮ್ಮ ಒಪ್ಪಲಿಲ್ಲ. "ಅಂಕ ಏರಲಿ, ಡಯಾಲಿಸಿಸ್ ಮಾಡೋಣ. ಇದನ್ನ ನಿಲ್ಲಿಸಿದ್ರ ಕಿಡ್ನಿ ಹೊಳ್ಳಿ ಬರೋ ದಾರೀನೇ ಮುಚ್ಚತದ" ಎಂದರು. ಕೆಲವರಿಗೆ ತಿಂಗಳುಗಳ ನಂತರ ಕಿಡ್ನಿ ಮರಳಿ ಕೆಲಸ ಮಾಡುವುದುಂಟಂತೆ. ಆ ಮಾತು ಹಿಡಿದುಕೊಂಡು ನಾವು ದಿನ ದೂಡಿದೆವು. ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಕತ್ತಿನ ಹತ್ತಿರ ನಳಿಗೆ ಹಾಕಲು ಚರ್ಮ ಸೂಜಿಯನ್ನೇ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಕುವವರು ಎರಡು ಸಲ ಸೋತು ಮೂರನೆಯ ಸಲ ಹಾಕಿದರು. ಅಕ್ಕ ಅಷ್ಟೂ ಹೊತ್ತು ನನ್ನ ಅಂಗಿಯ ತೋಳು ಹಿಡಿದಿದ್ದಳು. ಬೆರಳು ಮಡಚಲು ಬಾರದ್ದರಿಂದ ಹಿಡಿತವೇನೂ ಇರಲಿಲ್ಲ, ಕೈ ಸುಮ್ಮನೆ ಮೇಲೆ ಕೂತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಹಗುರವಿತ್ತು. ಮಾವ ಚಹಾ ತರಲು ಹೋಗಿದ್ದ. ನಾನು ಎಲ್ಲವನ್ನೂ ಹೇಳಿದೆ. ಪೊಟ್ಟಣದಲ್ಲಿ ಏನಿತ್ತು, ಡಾಕ್ಟರಮ್ಮ ಬೇಡವೆಂದ ಮೇಲೂ ಯಾಕೆ ಕೊಟ್ಟೆ, ಎಲ್ಲ.

"ನನಗ ಗೊತ್ತಿತ್ತು" ಎಂದಳು.

"ಏನ್ ಗೊತ್ತಿತ್ತು?"

"ಡಾಕ್ಟರಮ್ಮನ ಮುಂದ ನೀ ಇಲ್ಲ ಅಂದೆಲ್ಲ, ಆಗೇ. ನೀ ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳುಮುಂದ ಮೂಗ ತಿಕ್ಕೊಂತಿ."

"ಗೊತ್ತಿದ್ದೂ ಮತ್ತ ಯಾಕ ತಗೊಂಡಿ ಅಕ್ಕಾ?"

"ತಗೊಂಡ ದಿನ ರೊಟ್ಟಿ ಬಡೀತಿದ್ದೆ. ಬಿಟ್ಟ ದಿನ ನನ್ನ ಜಡಿ ನಾ ಹಾಕ್ಕೊಳ್ಳಿಕ್ಕೆ ಬರ್ತಿರಲಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಅಳಬ್ಯಾಡ. ಪಕ್ಕದ ಮಂಚದಾಕಿ ನೋಡ್ಲಿಕತ್ತಾಳ. ಆಕಿಗಿ ನೀ ಕಂಪೌಂಡರ ಅಂತ ಹೇಳೀನಿ, ಮಾನ ಕಳೀಬ್ಯಾಡ."

ಅವಳು ನನ್ನನ್ನು ಕ್ಷಮಿಸಿದ್ದಳು. ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಹತ್ತೊಂಬತ್ತನೆಯ ದಿನ, ಡಯಾಲಿಸಿಸ್ ಇಲ್ಲದ ದಿನ, ಪುಪ್ಪುಸದಲ್ಲಿ ನೀರು ತುಂಬಿತು. ಯಂತ್ರದ ಹತ್ತಿರ ಒಯ್ಯುವಷ್ಟರಲ್ಲಿ ಹೋದಳು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಮಣ್ಣು ಮಾಡುವ ಮೊದಲು ಹೆಂಗಸರು ಅವಳ ಕೈಗೆ ಹಸಿರು ಬಳೆ ಏರಿಸಲು ನೋಡಿದರು. ಬಿಗಿದ ಬೆರಳುಗಳನ್ನು ದಾಟಿ ಬಳೆ ಹೋಗಲಿಲ್ಲ. ಮಾವ, "ಸಾಕ್ ಬಿಡ್ರಿ, ಆಕಿ ಕೈ ಇನ್ನ ನೋಯಿಸಬ್ಯಾಡ್ರಿ" ಎಂದ.

ಹೈದರಾಬಾದಿನ ಫಲಿತಾಂಶ ಆಮೇಲೆ ಬಂತು. ಅಕ್ಕನ ರಕ್ತದಲ್ಲಿ ಇದ್ದ ಪ್ರತಿಕಾಯ ಕಿಡ್ನಿಗೆ ಈ ಧಕ್ಕೆ ಹೆಚ್ಚಾಗಿ ತರುವ ಜಾತಿಯದು ಎಂದು ಡಾಕ್ಟರಮ್ಮ ಹೇಳಿದರು. "ಸ್ಟಿರಾಯ್ಡ್ ಇಲ್ಲದಿದ್ರೂ ಆಗ್ತಿತ್ತೇನೋ. ಖಾತ್ರಿಯಿಂದ ಹೇಳ್ಲಿಕ್ಕೆ ಯಾರಿಗೂ ಬರಂಗಿಲ್ಲ" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆ "ಏನೋ" ಎಂಬ ಶಬ್ದವನ್ನು ನನ್ನ ಮನಸ್ಸು ಕಚ್ಚಿ ಹಿಡಿದ ರೀತಿ ನೋಡಿ ನನಗೆ ಅಸಹ್ಯವಾಯಿತು. ಅದನ್ನು ಉಗುಳಲು ಬಹಳ ದಿನ ಬೇಕಾಯಿತು.

ಅಂಗಡಿಗೆ ಮರಳಿದಾಗ ಡಬ್ಬಿಗಳು ತುಂಬಿದ್ದವು. ಇನ್ನು ಮುಂದೆ ಪಟ್ಟಿ ಬಿಡಿಸಿ ಮಾರುವುದಿಲ್ಲ ಎಂದೆ. ಮಾಲಕರು ನಕ್ಕರು.

"ಇಡೀ ಜಿಲ್ಲಾ ಡೋಸ್ ಕಟ್ತದ. ನೀ ಒಬ್ಬಾಂವ ದೊಡ್ಡ ಶರಣ ಆಗ್ತೀಯೇನು? ನೀ ಕುಂತಾಗ ನಿನ್ನ ಮನಸಿನಂಗ ಮಾಡು. ನಾ ಕುಂತಾಗ ನನ್ನ ಡಬ್ಬಿ ನನಗ ಬೇಕು."

ಡಬ್ಬಿಗಳು ಇದ್ದಲ್ಲೇ ಉಳಿದವು. ಬೇರೆ ಕೆಲಸ ನನಗೆ ಬರುವುದಿಲ್ಲ, ನಾನೂ ಉಳಿದೆ.

ಒಂದು ತಿಂಗಳಾದ ಮೇಲೆ ಮಾವ ಬಂದ. ಅಕ್ಕ ಹೋದ ನಂತರ ಅವನು ನನ್ನೊಡನೆ ಮಾತಾಡಿರಲಿಲ್ಲ. ವಾಡಿಯಲ್ಲಿ ಕೆಲಸಕ್ಕೆ ಮತ್ತೆ ಹತ್ತಿದ್ದ. ಕೌಂಟರಿನ ಮುಂದೆ ಸೊಂಟ ಹಿಡಿದುಕೊಂಡು ನಿಂತ.

"ನಡಾ ಭಾಳ ಹಿಡದದ. ಒಂದ್ ಡೋಸ್ ಕಟ್ಟು."

ನಾನು ಏನನ್ನೂ ಯೋಚಿಸುವ ಮೊದಲೇ ನನ್ನ ಕೈ ಡಬ್ಬಿಯ ಮುಚ್ಚಳ ತಿರುವಿತ್ತು. ಅದನ್ನು ನೋಡಿ ನಿಲ್ಲಿಸಿದೆ.

"ಮಾವಾ, ನೀನೇ ಎಲ್ಲಾ ಕೇಳಿದೆಲ್ಲ ಬಾಗಲದಾಗ ನಿಂತು."

"ಆಕೀ ಬ್ಯಾನಿ ಬ್ಯಾರೆ ಇತ್ತು. ನನಗ ಆ ಬ್ಯಾನಿ ಇಲ್ಲಲ್ಲ. ನಾಳಿ ಗಾಡಿ ಬರ್ತದ, ಚೀಲ ಇಳಸಬೇಕು."

ನೋವಿನ ಗುಳಿಗೆಯ ಒಂದು ಪಟ್ಟಿ ಕೊಟ್ಟೆ. "ಹೆಸರು ಬರದದ, ಯಾರ ಹತ್ರ ಬೇಕಾದ್ರೂ ಓದಿಸು" ಎಂದೆ. ಅವನು ಅದನ್ನು ತಿರುಗಿಸಿ ನೋಡಿ ಕೌಂಟರಿನ ಮೇಲೇ ಬಿಟ್ಟು ರಸ್ತೆ ದಾಟಿದ. ಎದುರಿಗೆ ಇನ್ನೊಂದು ಮೆಡಿಕಲ್ ಇದೆ.

ನಾನೂ ದಾಟಿದೆ. ಅಲ್ಲಿಯವನು ಆಗಲೇ ಕಾಗದ ಹಾಸಿದ್ದ.

"ಅದರಾಗ ಏನೇನ್ ಹಾಕ್ಲಿಕತ್ತೀ ಅಂತ ಹೇಳಿ ಕೊಡು" ಎಂದೆ.

"ಏನ್ ದೋಸ್ತಾ, ಗಿರಾಕಿ ಈ ಕಡೆ ಬಂದ್ರ ಹೊಟ್ಟಿ ಉರೀತೇನು?"

"ಹೇಳಿ ಕೊಡು. ಅದು ಸ್ಟಿರಾಯ್ಡ್ ಅದ. ನಮ್ಮ ಅಕ್ಕಗ ನಾ ಅದನ್ನೇ ಕೊಟ್ಟಿದ್ದೆ."

ಅವನು ತಲೆ ಎತ್ತಲಿಲ್ಲ. ಕಾಗದದ ನಾಲ್ಕು ಮೂಲೆಗಳನ್ನು ಒಳಗೆ ಮಡಚಿ, ಕೊನೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಸಿಗಿಸಿದ. ನಾನು ಮಾಡುವ ರೀತಿಯಲ್ಲೇ, ಅಷ್ಟೇ ಚೊಕ್ಕಟವಾಗಿ.

"ನನಗೇನ್ ಹೇಳ್ತೀ ದೋಸ್ತಾ" ಎಂದ. "ಅಂಗಡಿ ಹಾಕೂ ಮುಂದ ಹದಿನೈದ್ ದಿನ ಇಲ್ಲೇ ಕುಂತು ನಿನ್ನ ಕೈ ನೋಡೀನಿ. ನೋಡೇ ಕಲ್ತದ್ದು."

ಮಾವ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಅವನ ಜೇಬಿಗೆ ಕೈ ಹಾಕಿ ಅದನ್ನು ಕಿತ್ತುಕೊಂಡೆ. ಮಾವ ನನ್ನ ಕೆನ್ನೆಗೆ ಹೊಡೆದ. ಮತ್ತೊಮ್ಮೆ ಹೊಡೆದ. ಅಕ್ಕನ ಹೆಸರು ಹಿಡಿದು ಕೂಗಿ ಮೂರನೆಯ ಸಲ ಹೊಡೆದ. ರಸ್ತೆಯ ಮೇಲಿದ್ದವರು ಬಂದು ಅವನನ್ನು ಹಿಡಿದುಕೊಂಡರು. ಬಿಡ್ರಿ, ಹೊಡೀಲಿ ಎಂದೆ. ಪೊಟ್ಟಣವನ್ನು ಮಾತ್ರ ಕೊಡಲಿಲ್ಲ.